ಎರಡು ಬೆರಳು ಬಟ್ಟೆ

ಅಮ್ಮ ಹೊಲಿದ ಯಾವ ಬಟ್ಟೆಯನ್ನಾದರೂ ಒಳಮೈ ತಿರುಗಿಸಿ ನೋಡಿ, ಹೊಲಿಗೆಯ ಪಕ್ಕದಲ್ಲಿ ಎರಡು ಬೆರಳಗಲದ ಹೆಚ್ಚುವರಿ ಬಟ್ಟೆ ಮಡಿಚಿಕೊಂಡು ಕೂತಿರುತ್ತದೆ. ಮಕ್ಕಳ ಬಟ್ಟೆಯಾದರೆ ಮೂರು ಬೆರಳು. ಅವಳಿಗೆ ಹೊಲಿಗೆ ಕಲಿಸಿದ್ದು ಅವಳ ತಂದೆ. ಆತ ಅಳತೆ ತೆಗೆಯುವಾಗ ಟೇಪಿಗೂ ಎದೆಗೂ ನಡುವೆ ತನ್ನ ಎರಡು ಬೆರಳು ತೂರಿಸಿಯೇ ಅಂಕಿ ಓದುತ್ತಿದ್ದ. ಆ ಬೆರಳುಗಳ ಜೊತೆಗೇ ವಿದ್ಯೆಯೂ ಮಗಳಿಗೆ ಬಂತು. ಕತ್ತರಿಸಿ ಬಿಸಾಕುವ ದರ್ಜಿಯನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. "ನಾಳೆ ಮಗು ಬೆಳೆದ್ರೆ ಇವನು ತನ್ನ ತಲೆ ಬಿಚ್ಚಿ ಹೊಲೀತಾನಂತಾ?" ಎಂದು ಕೇಳುತ್ತಿದ್ದಳು.

ಹುಟ್ಟಿದ ಊರು ಬಿಟ್ಟು, ಸಮುದ್ರದ ಅಂಚಿನ ಈ ಪರದೇಶದ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಅಪ್ಪನಿಗೆ ಮೀನು ಬಂದರಿನ ಐಸ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಅಮ್ಮನಿಗೆ ಬಂದರಿನ ಹಿಂದಿನ ಬೀದಿಯಲ್ಲಿ ಹಳೆಯ ಬಟ್ಟೆ ಸರಿಮಾಡುವ ಅಂಗಡಿಯಲ್ಲಿ ಕೆಲಸ. ಅದರ ಒಡತಿಯ ಬಳಿ ನಲವತ್ತು ಬಾಟಲಿ ತುಂಬ ಗುಂಡಿಗಳಿದ್ದವು, ಹಾಗಾಗಿ ಮನೆಯಲ್ಲಿ ಆಕೆಗೆ ಗುಂಡಿಯಮ್ಮ ಎಂದು ಹೆಸರು. ಇನ್ನು ಮಗಳು. ಹದಿಮೂರು ದಾಟಿದ್ದಳು, ಎಷ್ಟು ಉಂಡರೂ ಮೈಗೆ ಹತ್ತುತ್ತಿರಲಿಲ್ಲ, ಅದಕ್ಕೇ ಕಡ್ಡಿ. ಕಡ್ಡಿಯ ಶಾಲೆಯ ಲಂಗದ ಕೆಳಗೆ, ಮಡಿಕೆ ಬಿಚ್ಚಿದಲ್ಲಿ, ಮಾಸಿದ ಮೂರು ಗೆರೆಗಳಿದ್ದವು. ಯಾವ ವರ್ಷ ಎಷ್ಟು ಉದ್ದವಾದಳೆಂದು ಆ ಗೆರೆ ನೋಡಿಯೇ ಹೇಳಬಹುದಿತ್ತು.

ಭಾನುವಾರ ಬಂತೆಂದರೆ ಮೂವರೂ ಮರಳಿನ ಮೇಲೆ. ಮೊದಲ ವರ್ಷ ಬೇರೆಯವರು ಆಡುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದಾಯಿತು. ಎರಡನೇ ವರ್ಷ ಅಪ್ಪ ಯಾರೋ ಬಳಸಿ ಬಿಟ್ಟ ಹಲಗೆಯೊಂದನ್ನು ಹೊತ್ತು ತಂದ. ಅದರ ಮೇಲೆ ನಿಂತು ಒಂದೇ ಹುಟ್ಟು ಹಾಕುತ್ತ ನೀರಿನ ಮೇಲೆ ಹೋಗುವುದಂತೆ. ಅಪ್ಪ ನಿಲ್ಲುತ್ತಿದ್ದ, ಹಲಗೆ ಹೋಗುತ್ತಿತ್ತು, ಅಪ್ಪ ಅಲ್ಲೇ ಬೀಳುತ್ತಿದ್ದ. ಬಿದ್ದು ಎದ್ದು ಒಂದು ಬೇಸಿಗೆಯಲ್ಲಿ ಕಲಿತೇಬಿಟ್ಟ, ಆಮೇಲೆ ಅವನ ಜಂಬವನ್ನು ಕೇಳಬೇಡಿ. ಕಡ್ಡಿ ಈಜು ಕ್ಲಬ್ಬಿಗೆ ಸೇರಿ ನೀರಿನಿಂದ ಆಚೆಗೇ ಬರದಾದಳು. ಅಮ್ಮ? ಅಮ್ಮ ದಂಡೆಯಲ್ಲಿ ಚಾಪೆ ಹಾಸಿ ಕೂತು ಮೂರು ಜೊತೆ ಚಪ್ಪಲಿ, ಫ್ಲಾಸ್ಕು, ಟವಲು, ಮನೆಯ ಕೀಲಿ ಕಾಯುತ್ತಿದ್ದಳು. ನೀರು ಮೇಲೇರಿದಂತೆ ಚಾಪೆಯನ್ನೂ ಚಪ್ಪಲಿಗಳನ್ನೂ ಹಿಂದಕ್ಕೆಳೆಯುವುದು ಅವಳ ವ್ಯಾಯಾಮ. ಯಾರಾದರೂ ಕೇಳಿದರೆ, "ಅವ್ರಿಬ್ರೂ ಆಡ್ತಾರೆ, ನಾನು ಚಪ್ಪಲಿ ಇಲಾಖೆ" ಎಂದು ನಗುತ್ತಿದ್ದಳು. ಬೇಜಾರೇನೂ ಇರಲಿಲ್ಲ. ಬಿಸಿಲು, ಗಾಳಿ, ಕೈಯಲ್ಲಿ ಒಂದು ಹೊಲಿಗೆ, ಕಣ್ಣೆದುರು ತನ್ನವರಿಬ್ಬರು, ಇನ್ನೇನು ಬೇಕು?

ಬೇಸಿಗೆಯ ಕೊನೆಯ ಭಾನುವಾರ ಕ್ಲಬ್ಬಿನವರು ಮನೆಮಂದಿಯ ಸ್ಪರ್ಧೆ ಇಡುತ್ತಿದ್ದರು. ಒಂದೇ ಮನೆಯ ಮೂವರು ಒಂದು ತಂಡ. ಹದಿನಾಲ್ಕು ತುಂಬದ ಮಗು ನಡುನೀರಿನಲ್ಲಿ ಕಟ್ಟಿಬಿಟ್ಟ ಹಳದಿ ತೇಲುಬುರುಡೆಯ ತನಕ ಈಜಿ ವಾಪಸಾಗಬೇಕು. ಆಮೇಲೆ ಒಬ್ಬರು ಹಲಗೆಯ ಮೇಲೆ ಕೊಲ್ಲಿಯನ್ನು ಒಂದು ಸುತ್ತು ಹಾಕಬೇಕು. ಕೊನೆಯವರು ಮರಳಿನ ಮೇಲೆ ನಾನೂರು ಮೀಟರ್ ಓಡಬೇಕು. ಕೈಗೆ ಕಟ್ಟಿದ ಕೆಂಪು ಪಟ್ಟಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋಗುವುದು. ಮೂರು ವರ್ಷ ಇದನ್ನು ಹಗ್ಗದ ಈಚೆ ನಿಂತು ನೋಡಿದ ಕಡ್ಡಿ ಈ ಸಲ ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಳು. ಚಳಿಗಾಲಕ್ಕೆ ಅವಳಿಗೆ ಹದಿನಾಲ್ಕು. ಈ ಸಲ ಬಿಟ್ಟರೆ ಮತ್ತಿಲ್ಲ.

"ಓಡೋದು ಯಾರು?" ಎಂದು ಕೇಳಿದಳು ಅಮ್ಮ, ಕೇಳುವಾಗಲೇ ಉತ್ತರ ಗೊತ್ತಿತ್ತು.

ಅಪ್ಪ, ಮಗಳು ಇಬ್ಬರೂ ಅವಳ ಮುಖ ನೋಡಿದರು.

"ನಾನಾ? ನಾನು ಕೊನೇ ಸಲ ಓಡಿದ್ದು ಬಸ್ಸಿಗೆ. ಅದೂ ಸಿಗ್ಲಿಲ್ಲ."

"ಅಮ್ಮಾ, ಪ್ಲೀಸ್. ಎಲ್ಲಾರೂ ಹೋದ ಮೇಲೆ ಬಂದ್ರೂ ಪರ್ವಾಗಿಲ್ಲ. ಮೂರು ಜನ ಇರ್ಲೇಬೇಕು."

"ಆಯ್ತು ಮಾರಾಯ್ತಿ," ಎಂದು ಒಪ್ಪಿದಳು. ಅಷ್ಟರೊಳಗೆ ಏನಾದರೂ ಅಡ್ಡ ಬಂದೇ ಬರುತ್ತದೆ ಎಂದು ಒಳಗೊಳಗೇ ಧೈರ್ಯ.

ಅಡ್ಡ ಬಂದಿತು, ಆದರೆ ಅವಳ ಕೈಯಿಂದಲೇ ಬಂದಿತು. ಅಲ್ಲಿಯ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ದೂರ ಈಜುವ ಮಕ್ಕಳು ಮೈತುಂಬ ರಬ್ಬರಿನ ವೆಟ್‌ಸೂಟ್ ತೊಡಲೇಬೇಕು. ಕ್ಲಬ್ಬಿನ ಎರವಲು ಸೂಟುಗಳು ಈ ವರ್ಷ ಕಡ್ಡಿಯ ಮೊಣಕಾಲಿಗಿಂತ ಕೆಳಗೆ ಇಳಿಯಲಿಲ್ಲ. ಸರಿ, ಅಮ್ಮ ತಾನೇ ಅಂಗಡಿಗೆ ಹೋದಳು. ಮಾರುವ ಹುಡುಗಿ ಅಳತೆ ಕೇಳಿ ಒಂದನ್ನು ತೆಗೆದಿಟ್ಟಳು. ಅಮ್ಮ ಅದನ್ನು ಎಳೆದಾಡಿ ನೋಡಿ, ಬೆಳೆಯುವ ಮಗಳಿಗೆ ಇಷ್ಟು ಬಿಗಿಯಾದದ್ದು ಕೊಡುತ್ತಾಳಲ್ಲ, ಇವಳಿಗೆ ಮಕ್ಕಳಿಲ್ಲವೇನೋ ಎಂದುಕೊಂಡು, ಎರಡು ಅಳತೆ ದೊಡ್ಡದನ್ನು ಆರಿಸಿ ತಂದಳು. ತನಗೆ ತಾನೇ ಭೇಷ್ ಎಂದುಕೊಂಡಳು. ಕಡ್ಡಿ ಅದನ್ನು ಮನೆಯಲ್ಲಿ ತೊಟ್ಟಾಗ ಮೊಣಕೈ ಹತ್ತಿರ ಇನ್ನೊಂದು ಮೊಣಕೈ ಇಡಬಹುದಾಗಿತ್ತು.

"ದೊಡ್ಡದಾಯ್ತಲ್ವಾ?"

"ಇನ್ನೆರಡು ವರ್ಷ ಬರುತ್ತೆ," ಎಂದಳು ಅಮ್ಮ.

"ಆರಾಮಾಗಿದೆ ಬಿಡು," ಎಂದ ಅಪ್ಪ, ಕನ್ನಡಕವಿಲ್ಲದೆ.

ಸ್ಪರ್ಧೆಗೆ ಎರಡು ವಾರ ಮುಂಚೆ, ಭಾನುವಾರ, ಮಕ್ಕಳನ್ನೆಲ್ಲ ಪರೀಕ್ಷೆಗೆ ಕರೆದಿದ್ದರು. ಈಜು ಕಲಿಸುವವಳ ಕೊರಳಲ್ಲಿ ಸದಾ ಸೀಟಿ, ಅವಳ ಮಾತಿಗಿಂತ ಅದರದೇ ಸದ್ದು ಹೆಚ್ಚು. ನಮ್ಮವರು ಅವಳನ್ನು ಕರೆಯುತ್ತಿದ್ದದ್ದೂ ಸೀಟಿ ಎಂದೇ. ತೇಲುಬುರುಡೆ ಮುಟ್ಟಿ ಬಂದವರಿಗೆ ಮಾತ್ರ ಸ್ಪರ್ಧೆಯ ಸಂಖ್ಯೆ. ಕಡ್ಡಿ ಮೊದಲಿಗಳಾಗಿ ಹಾರಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಏನೋ ಎಡವಟ್ಟಾಯಿತು. ಸೂಟಿನ ಕೊರಳಿನಿಂದ ನೀರು ನುಗ್ಗಿ, ತೋಳು, ಬೆನ್ನು, ಕಾಲು ಎಲ್ಲ ಊದಿಕೊಂಡವು. ನೀರು ತುಂಬಿದ ಗೋಣಿಚೀಲದೊಳಗೆ ಕೂತು ಈಜಿದ ಹಾಗಾಯಿತು. ಮೂರು ಸಲ ಕೈ ಬೀಸಿದರೆ ಒಂದು ಗೇಣು ಮುಂದೆ. ಅಮ್ಮ ಚಾಪೆಯಿಂದೆದ್ದು ನೀರಿನಂಚಿಗೆ ಬಂದಳು. ಅರ್ಧದಾರಿಯಲ್ಲಿ ಕಾವಲು ದೋಣಿಯವರು ಕಡ್ಡಿಯನ್ನು ಮೇಲೆತ್ತಿಕೊಂಡರು. ದಂಡೆಗೆ ಬಂದು ನಿಂತಾಗ ಸೂಟಿನ ಕಾಲುಗಳಿಂದ ನಲ್ಲಿ ಬಿಟ್ಟಂತೆ ನೀರು ಸುರಿಯಿತು. ಬೇರೆ ಮಕ್ಕಳು ನಕ್ಕರು.

ಸೀಟಿ ಸೂಟಿನ ಬೆನ್ನು ಹಿಡಿದೆಳೆದು ನೋಡಿದಳು. "ಇದು ಯಾರ ಅಳತೆ? ಇದು ಚರ್ಮದ ಹಾಗೆ ಕೂತ್ಕೋಬೇಕು. ನೀರು ಒಳಗೆ ಓಡಾಡಿದ್ರೆ ಚಳಿನೂ ತಡೆಯಲ್ಲ, ಈಜೋಕೂ ಆಗಲ್ಲ. ಬರೋ ಭಾನುವಾರ ಇನ್ನೊಂದ್ಸಲ ನೋಡ್ತೀನಿ. ಅದೇ ಕೊನೆ." ಒದ್ದೆ ಮಾಡಿದ ಸೂಟನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಅವಳೇ ಹೇಳಿದಳು.

ಅಮ್ಮ ಮಗಳಿಗೆ ಟವಲು ಹೊದಿಸಿ ಬೆನ್ನುಜ್ಜಿದಳು. ಮಗಳಿಗಾಗಿ ಮರುಗಿದಳು, ನಿಜ. ಆದರೆ ಮನಸ್ಸಿನ ಇನ್ನೊಂದು ಮೂಲೆಯಿಂದ, ಸದ್ಯ, ಓಡುವುದು ತಪ್ಪಿತು ಎಂಬ ಮಾತೂ ಎದ್ದು ಬಂತು. ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ಅದನ್ನು ಅಲ್ಲೇ ಅದುಮಿದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಕಡ್ಡಿ ಮುಂದೆ ಮುಂದೆ ನಡೆದಳು. ಮೆಟ್ಟಿಲ ಹತ್ತಿರ ತಿರುಗಿ ನಿಂತಳು.

"ನಿಂಗೆ ಓಡೋಕೆ ಇಷ್ಟ ಇರ್ಲಿಲ್ಲ. ಅದಕ್ಕೇ ಬೇಕೂಂತ ದೊಡ್ಡದು ತಂದೆ."

"ಏ, ಏನೇ ಮಾತು ಅದು!" ಎಂದು ಅಪ್ಪ ಗದರಿದ. ಅಮ್ಮ ಕೀಲಿ ತೆಗೆದು ಬಾಗಿಲು ತೆರೆದಳು. ಆರೋಪ ಅರ್ಧ ಸುಳ್ಳು, ಅರ್ಧ ನಿಜ.

ಮರುದಿನದಿಂದಲೇ ರಿಪೇರಿ ಶುರುವಾಯಿತು. ಕತ್ತರಿಸಬೇಕಾಗುತ್ತದೇನೋ ಎಂದು ಅಪ್ಪ ಅಂದದ್ದಕ್ಕೆ ಅಮ್ಮ ಕೈಯಲ್ಲಿದ್ದ ಟೇಪನ್ನೇ ಅವನತ್ತ ಬೀಸಿದಳು. "ರೀ, ನೀವು ನಿಮ್ಮ ಐಸು ನೋಡ್ಕೊಳ್ಳಿ. ಹೊಸಾ ಬಟ್ಟೆಗೆ ಯಾರಾದ್ರೂ ಕತ್ತರಿ ಹಾಕ್ತಾರಾ? ಒಳಗೆ ಮಡಿಚಿ ಹೊಲಿದ್ರೆ ಆಯ್ತು. ಮುಂದಿನ ವರ್ಷ ಬಿಚ್ಕೋಬಹುದು." ಎರಡು ದಿನ ಕೂತು, ದಪ್ಪ ಸೂಜಿಯಲ್ಲಿ ಬೆರಳು ಚುಚ್ಚಿಕೊಂಡು, ಪಕ್ಕೆ, ತೋಳು, ತೊಡೆ ಎಲ್ಲ ಕಡೆ ಮಡಿಕೆ ಹಿಡಿದಳು. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು. ಬುಧವಾರ ಸಂಜೆ ಅಪ್ಪ ಮಗಳನ್ನು ನೀರಿಗೆ ಕರೆದುಕೊಂಡು ಹೋದ. ಅರ್ಧ ಗಂಟೆಯಲ್ಲಿ ಇಬ್ಬರೂ ವಾಪಸು. ಕಡ್ಡಿ ತೋಳೆತ್ತಿ ತೋರಿಸಿದಳು: ಕಂಕುಳ ಕೆಳಗೆ, ಕತ್ತಿನ ಸುತ್ತ, ಮಡಿಕೆ ಇದ್ದಲ್ಲೆಲ್ಲ ಚರ್ಮ ಕಿತ್ತು ಕೆಂಪಗಾಗಿತ್ತು. ಉಪ್ಪುನೀರು ಬೇರೆ. ಅವಳು ಅಳಲಿಲ್ಲ, ಜಗಳವಾಡಲೂ ಇಲ್ಲ.

"ಬಿಡಮ್ಮ. ಹೆಸರು ವಾಪಸ್ ತಗೋತೀನಿ," ಎಂದಳು ಅಷ್ಟೆ.

ಕೂಗಾಡಿದ್ದರೆ ಅಮ್ಮನೂ ಕೂಗಾಡಿ ಹಗುರಾಗುತ್ತಿದ್ದಳು. ಆ ಸಮಾಧಾನದ ದನಿ ಮಾತ್ರ ಅವಳ ಕರುಳಿಗೆ ತಾಗಿತು. ಮುಲಾಮು ಹಚ್ಚುತ್ತ ಹಚ್ಚುತ್ತ ಆ ಗಾಯಗಳನ್ನು ನೋಡಿದಳು. ಒಂದೊಂದೂ ಸರಿಯಾಗಿ ಎರಡು ಬೆರಳಗಲ ಇತ್ತು.

"ಯಾರೂ ಯಾವ ಹೆಸರೂ ವಾಪಸ್ ತಗೊಳ್ಳೋದು ಬೇಡ," ಎಂದಳು. "ನಾಳೆ ಶಾಲೆ ಮುಗಿದ ಕೂಡ್ಲೇ ಸೀದಾ ಅಂಗಡಿಗೆ ಬಾ."

ಗುರುವಾರ ಮಧ್ಯಾಹ್ನ ಅಂಗಡಿಯ ಉದ್ದ ಮೇಜಿನ ಮೇಲೆ ಸೂಟನ್ನು ಹಾಸಿದಳು. ಗುಂಡಿಯಮ್ಮ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಒಳಗಿನ ಮಡಿಕೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, ಲೊಚಗುಟ್ಟಿದಳು.

"ಹೊಲಿಗೆ ಚೆನ್ನಾಗಿದೆ. ಆದ್ರೆ ಇದು ಬಟ್ಟೆ ಅಲ್ಲಮ್ಮ. ಇದಕ್ಕೆ ಒಳಗೆ ಬಿಡೋದು ಅಂತ ಇಲ್ಲ. ಹೆಚ್ಚಿಗೆ ಇರೋದನ್ನ ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ ಅಂಟಿಸ್ಬೇಕು, ಆಮೇಲೆ ಮೇಲ್ಮೈ ಮಾತ್ರ ಹಿಡಿದು ಹೊಲೀಬೇಕು. ಸೂಜಿ ಆಚೆ ಬರಬಾರದು. ಬಂದ್ರೆ ನೀರೂ ಬರುತ್ತೆ."

"ಅಂಚಿಗೆ ಅಂಚಾ? ಒಂದು ನೂಲೂ ಬಿಡದೇನಾ?"

"ಒಂದು ನೂಲೂ ಬಿಡದೆ."

ಮೂವತ್ತು ವರ್ಷದ ಹೊಲಿಗೆಯಲ್ಲಿ ಅಮ್ಮ ಹಾಗೆ ಹೊಲಿದವಳಲ್ಲ. ತಪ್ಪಿದರೆ ಸರಿಮಾಡಲು ಏನೂ ಉಳಿಯದ ಕೆಲಸ. ಸೂಟು ಹಾಳಾದರೆ ಭಾನುವಾರಕ್ಕೆ ಇನ್ನೊಂದನ್ನು ಎಲ್ಲಿಂದ ತರುವುದು? ಅಷ್ಟರಲ್ಲಿ ಕಡ್ಡಿ ಚೀಲ ನೇತುಹಾಕಿಕೊಂಡು ಬಂದಳು. ಪರದೆಯ ಹಿಂದೆ ನಿಲ್ಲಿಸಿ ಅಮ್ಮ ಅಳತೆಗೆ ಕೈ ಹಾಕಿದಳು. ಎದೆಯ ಸುತ್ತ ಟೇಪು ಹಾಕಿದ್ದೇ ತಡ, ಎರಡು ಬೆರಳು ತಾವಾಗಿಯೇ ಹೋಗಿ ಒಳಗೆ ಕೂತವು. ಕಡ್ಡಿ ಕೆಳಗೆ ನೋಡಿದಳು. ಅಮ್ಮನೂ ನೋಡಿದಳು.

ಬೆರಳು ಈಚೆ ತೆಗೆದಳು. ಟೇಪು ಮಗಳ ಮೈಗೆ ಅಂಟಿ ಕೂತಿತು, ಎದೆ ಬಡಿತ ಟೇಪಿನಿಂದ ಕೈಗೆ ಗೊತ್ತಾಗುತ್ತಿತ್ತು. ಅಂಕಿ ಓದಿ, ನಂಬದೆ, ಮತ್ತೊಮ್ಮೆ ಓದಿದಳು. ಹುಟ್ಟಿದಾಗಿನಿಂದ ಈ ಮಗುವಿಗೆ ಹೊಲಿಯುತ್ತ ಬಂದಿದ್ದಾಳೆ, ಇವಳ ನಿಜವಾದ ಅಳತೆ ಇವತ್ತೇ ಸಿಕ್ಕಿದ್ದು.

"ಇಷ್ಟೇನೇನೇ ನೀನು?"

"ಇಷ್ಟೇ. ನೀನು ಯಾವಾಗ್ಲೂ ಮುಂದಿನ ವರ್ಷದವಳಿಗೆ ಹೊಲೀತಿದ್ದೆ."

ಅಮ್ಮನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಸುಣ್ಣದ ಬಿಲ್ಲೆಯಲ್ಲಿ ಸೂಟಿಗೆ ಗುರುತು ಹಾಕಿದಳು. ಮೊಣಕಾಲೂರಿ ಕಾಲಿನ ಅಳತೆ ತೆಗೆಯುತ್ತ, ಮುಖ ಮೇಲೆತ್ತದೆ ಹೇಳಿದಳು: "ಓಡೋ ಭಯಕ್ಕೆ ದೊಡ್ಡದು ತಂದಿದ್ದಲ್ಲ ಕಣೇ. ಅದು ಸುಳ್ಳು. ಆದ್ರೆ ನಿನ್ನನ್ನ ದೋಣೀಲಿ ತಂದಾಗ, ಸದ್ಯ ಓಡೋದು ತಪ್ತು ಅಂತ ಅನ್ನಿಸ್ತು. ಅದು ಸುಳ್ಳಲ್ಲ."

"ಗೊತ್ತು. ಟವಲ್ ಹೊದಿಸ್ವಾಗ ನಿನ್ನ ಮುಖ ನೋಡ್ದೆ."

"ಎಲ್ಲಾ ನೋಡ್ಬಿಡ್ತಾಳಪ್ಪ."

"ಈಗ ಓಡ್ತೀಯಾ?"

"ಮೊದ್ಲು ಕತ್ತರಿ ಹಾಕೋಕೆ ಬಿಡು."

ಗುಂಡಿಯಮ್ಮ ತನ್ನ ದೊಡ್ಡ ಕತ್ತರಿಯನ್ನೇ ಕೊಟ್ಟಳು. ಅಮ್ಮ ಉಸಿರು ಬಿಗಿಹಿಡಿದು ಪಕ್ಕೆಯ ಗುರುತಿನ ಮೇಲೆ ಅದನ್ನಿಟ್ಟಳು. ಕರಕ್ ಎಂದಿತು. ಅದೊಂದು ಕೇಳಿದ ಮೇಲೆ ಕತ್ತರಿ ನಿಲ್ಲಲಿಲ್ಲ. ತೋಳು, ತೊಡೆ, ಬೆನ್ನು ಒಂದೊಂದಾಗಿ ಹೋಯಿತು, ಮೇಜಿನ ಕೆಳಗೆ ಕಪ್ಪು ಪಟ್ಟಿಗಳ ಗುಡ್ಡೆ ಬಿತ್ತು. ಅಂಟು ಬೇಕಲ್ಲ? ಅಪ್ಪ ಐಸ್ ಯಂತ್ರದ ರಬ್ಬರ್ ಬಳೆಗಳಿಗೆ ಹಚ್ಚುವ ಅಂಟಿನ ಡಬ್ಬಿಯನ್ನು ಮೇಲಿನವರನ್ನು ಕೇಳಿ ತಂದಿದ್ದ. "ಇದು ನೀರಿಗಿರ್ಲಿ, ಬೆಂಕಿಗೂ ಜಗ್ಗಲ್ಲ," ಎಂದು ಅದನ್ನು ತಾನೇ ಕಂಡುಹಿಡಿದವನಂತೆ ಹೇಳಿದ. ಶುಕ್ರವಾರ, ಶನಿವಾರ ಅಮ್ಮ ಅಂಚಿಗೆ ಅಂಚು ಕೂರಿಸಿ, ಬಾಗಿದ ಸೂಜಿಯಲ್ಲಿ ಅರ್ಧ ದಪ್ಪ ಮಾತ್ರ ಹಿಡಿದು, ಇರುವೆ ಸಾಲಿನ ಹಾಗೆ ಹೊಲಿದಳು. ಒಳಗೆ ಕೈಯಾಡಿಸಿದರೆ ನುಣ್ಣಗೆ, ಹೊಲಿಗೆ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ.

ಭಾನುವಾರ ಸೀಟಿ ಸೂಟಿನ ಬೆನ್ನು ಹಿಡಿದೆಳೆಯಲು ಹೋದಳು, ಹಿಡಿತಕ್ಕೆ ಏನೂ ಸಿಗಲಿಲ್ಲ. ಕಡ್ಡಿ ತೇಲುಬುರುಡೆ ಮುಟ್ಟಿ ಬಂದು, ಸೂಟಿನಿಂದ ನೀರು ಸುರಿಸದೆ ನಿಂತು, ಸಂಖ್ಯೆ ಹನ್ನೊಂದು ಪಡೆದಳು. ಅಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುಕ್ಷಣವೇ ಓಟದ ನೆನಪಾಗಿ ಹಾಲೆಲ್ಲ ಒಡೆಯಿತು.

ಆ ವಾರವಿಡೀ ಅವಳು ಅಂಗಡಿಗೆ ಮರಳಿನ ದಾರಿಯಲ್ಲೇ ಹೋದಳು. ಯಾರೂ ಇಲ್ಲದಾಗ ಓಡುವುದು, ಯಾರಾದರೂ ಕಂಡರೆ ಏನೋ ಬಿದ್ದದ್ದು ಹುಡುಕುವಂತೆ ಬಗ್ಗುವುದು. ಗುಂಡಿಯಮ್ಮನಿಗೆ ಎಲ್ಲ ತಿಳಿದಿತ್ತು. ದಿನಾ ಒಂದು ಲೋಟ ನೀರು ತಯಾರಿಟ್ಟಿರುತ್ತಿದ್ದಳು.

ಸ್ಪರ್ಧೆಯ ದಿನ ಹತ್ತೊಂಬತ್ತು ತಂಡ. ದಂಡೆಯ ತುಂಬ ಜನ, ಆಕಾಶ ತಿಳಿಯಾಗಿತ್ತು, ನೀರು ಮಾತ್ರ ಎಂದಿನಂತೆ ಕೊರೆಯುತ್ತಿತ್ತು. ಅಮ್ಮ ಅಭ್ಯಾಸದಂತೆ ಚಾಪೆ ಹಾಸಿ, ಚಪ್ಪಲಿಗಳನ್ನು ಜೋಡಿಸಿ, ಫ್ಲಾಸ್ಕು ನಿಲ್ಲಿಸಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಲು ಹೋಗಿ, ಇವತ್ತು ಸೆರಗೇ ಇಲ್ಲವೆಂದು ನೆನಪಾಗಿ, ಅಂಗಿಯ ಜೇಬಿಗೆ ಹಾಕಿಕೊಂಡಳು. ಸೀಟಿ ತನ್ನ ಸೀಟಿ ಊದಿದಳು. ಹತ್ತೊಂಬತ್ತು ಮಕ್ಕಳು ನೀರಿಗೆ ಬಿದ್ದರು.

ಕಡ್ಡಿ ಆ ದಿನ ಈಜಿದ್ದನ್ನು ನೋಡಬೇಕಿತ್ತು! ಹೋಗುವಾಗ ನಡುವೆ ಎಲ್ಲೋ ಇದ್ದವಳು, ಬರುವಾಗ ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿ, ಐದನೆಯವಳಾಗಿ ದಡಕ್ಕೆದ್ದು ಅಪ್ಪನ ಕೈಗೆ ಪಟ್ಟಿ ತುರುಕಿದಳು. ಅಪ್ಪ ಹಲಗೆಯ ಮೇಲೆ ರಾಜನ ಹಾಗೆ ನಿಂತು ಹೊರಟ. ಕೊಲ್ಲಿಯ ತಿರುವಿನಲ್ಲಿ ಹೆಂಡತಿಗೆ ಕೈಬೀಸಲು ಹೋಗಿ ದೊಪ್ಪನೆ ಬಿದ್ದ.

"ಕೈ ಬೀಸು ಅಂತ ಯಾರ್ರೀ ಹೇಳಿದ್ದು ನಿಮ್ಗೆ!" ಎಂದು ಅಮ್ಮ ಇಡೀ ದಂಡೆಗೆ ಕೇಳುವಂತೆ ಕೂಗಿದಳು. ಭಾಷೆ ಯಾರಿಗೂ ಅರ್ಥವಾಗಲಿಲ್ಲ, ಬೈಗುಳ ಎಲ್ಲರಿಗೂ ಅರ್ಥವಾಯಿತು.

ಅಪ್ಪ ದಡ ಸೇರುವಾಗ ಹದಿನೇಳನೆಯವನು. ಪಟ್ಟಿ ಅಮ್ಮನ ಕೈಗೆ ಬಂತು, ತಣ್ಣಗೆ, ಒದ್ದೆಯಾಗಿ. ಅವಳು ಓಡಿದಳು. ಮೊದಲ ನೂರು ಮೀಟರ್ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ನಾಚಿಕೆ. ಎರಡನೇ ನೂರರಲ್ಲಿ ನಾಚಿಕೆಗೆ ಉಸಿರು ಉಳಿದಿರಲಿಲ್ಲ. ಒದ್ದೆ ಮರಳು ಕಾಲಿಗೆ ಗಟ್ಟಿಯಾಗಿ ಸಿಗುತ್ತಿತ್ತು, ಗಾಳಿ ಬೆನ್ನಿಗಿತ್ತು. ಪಕ್ಕದಲ್ಲಿ ಹಗ್ಗದ ಆಚೆ ಕಡ್ಡಿ ಕಪ್ಪು ಸೂಟಿನಲ್ಲೇ ಓಡಿ ಬರುತ್ತಿದ್ದಳು, "ಅಮ್ಮಾ, ಆ ಮಾವನ್ನ ಹಿಡಿ! ಆ ದಪ್ಪ ಮಾವನ್ನ!" ಎನ್ನುತ್ತ. ಅಮ್ಮ ಹಿಡಿದಳು. ಹಿಡಿದದ್ದಷ್ಟೇ ಅಲ್ಲ, ದಾಟಿದಳು. ದಾಟುವಾಗ ಅವಳಿಗೇ ನಗು ಬಂತು, ನಗುತ್ತಲೇ ಗೆರೆ ದಾಟಿ ಮರಳಿನ ಮೇಲೆ ಕುಸಿದು ಕೂತಳು. ಹದಿನಾರನೇ ಸ್ಥಾನ. ಅಪ್ಪ, ಮಗಳು ಇಬ್ಬರೂ ಓಡಿ ಬಂದು ಅವಳ ಮೇಲೆಯೇ ಬಿದ್ದರು, ಎದೆ ಬಡಿತ ಯಾರದು ಯಾರದೆಂದು ತಿಳಿಯದಂತೆ.

"ಸೂಟು ಮುಂದಿನ ವರ್ಷ ಬರಲ್ಲ, ಅಲ್ವಾ?" ಎಂದಳು ಕಡ್ಡಿ, ಮರಳು ಕೊಡವಿಕೊಳ್ಳುತ್ತ.

"ಬರಲ್ಲ."

"ಬೇಜಾರಾ?"

"ಇವತ್ತು ಬಂತಲ್ಲ," ಎಂದಳು ಅಮ್ಮ. ಇನ್ನೂ ಏದುಸಿರು ನಿಂತಿರಲಿಲ್ಲ.

ಕಾಫಿ ಕುಡಿಯೋಣವೆಂದು ಮೂವರೂ ತಮ್ಮ ಜಾಗಕ್ಕೆ ನಡೆದು ಬಂದರು. ಜಾಗವಿತ್ತು, ಚಾಪೆ ಇರಲಿಲ್ಲ. ನೀರು ಸದ್ದಿಲ್ಲದೆ ಮೇಲೇರಿ ಬಂದು, ಕೆಲಸ ಮುಗಿಸಿ, ಹಿಂದೆ ಸರಿಯುತ್ತಿತ್ತು. ಚಾಪೆ ದೂರದಲ್ಲಿ ತೇಲುತ್ತಿತ್ತು, ಫ್ಲಾಸ್ಕು ಅಡ್ಡಬಿದ್ದಿತ್ತು. ಮೂರು ಜೊತೆ ಚಪ್ಪಲಿಯಲ್ಲಿ ಉಳಿದದ್ದು ಅಪ್ಪನ ಎಡಗಾಲಿನದೊಂದು.

ಅಪ್ಪ ಆ ಒಂಟಿ ಚಪ್ಪಲಿಯನ್ನು ಎತ್ತಿ ಹಿಡಿದು, ನಾಲ್ಕು ವರ್ಷದ ಅಭ್ಯಾಸದಿಂದ ಕೇಳಿಯೇಬಿಟ್ಟ: "ಅಯ್ಯಯ್ಯೋ, ಚಪ್ಪಲಿ ಯಾರು ನೋಡ್ಕೋತಿದ್ರು?"

"ಯಾರೂ ಇಲ್ಲ," ಎಂದಳು ಅಮ್ಮ. "ನಾನು ಓಡ್ತಾ ಇದ್ದೆ."

ಆ ದಿನ ಮೂವರೂ ಬರಿಗಾಲಲ್ಲೇ ಮನೆಗೆ ಹೋದರು.